ದರ ಕೇಳುವ ಮೊದಲು ದಪ್ಪ ಕೇಳಿ

(ಬೆಂಗಳೂರಿನ ಹೊರವಲಯದ ಬಡಾವಣೆಗಳ ನಿವಾಸಿಗಳ ಮುಂದೆ, ರಸ್ತೆ ಖರ್ಚಿನ ಚರ್ಚೆಗೆ ಮುನ್ನ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಬಡಾವಣೆಯವರು ರಸ್ತೆ ವಿಷಯಕ್ಕೆ ಸಭೆ ಸೇರಿದರೆ ಮೊದಲ ಹತ್ತು ನಿಮಿಷದಲ್ಲೇ ಒಂದು ಪ್ರಶ್ನೆ ಬಂದೇ ಬರುತ್ತದೆ: "ಚದರಡಿಗೆ ಎಷ್ಟಂತೆ?" ಒಬ್ಬರು ನಲವತ್ತು ಅನ್ನುತ್ತಾರೆ. ಇನ್ನೊಬ್ಬರ ಭಾವಮೈದ ಕಂಟ್ರಾಕ್ಟರು, ಅವನು ಇಪ್ಪತ್ತೆಂಟಕ್ಕೇ ಮುಗಿಸಿಕೊಡುತ್ತಾನಂತೆ. ಅಲ್ಲಿಂದ ಮುಂದೆ ರಸ್ತೆಯ ಮಾತು ನಿಂತು ಭಾವಮೈದನ ಮಾತು ಶುರುವಾಗುತ್ತದೆ. ನಿಜ ಹೇಳಬೇಕೆಂದರೆ ಎರಡು ದರವೂ ಸರಿಯೇ ಇರಬಹುದು. ನಲವತ್ತು ಹೇಳಿದವರು ರೋಲರ್ ಹೊಡೆದ ಮೇಲೆ 30 ಮಿ.ಮೀ. ಉಳಿಯುವ ಡಾಂಬರಿನ ಲೆಕ್ಕ ಹೇಳಿರುತ್ತಾರೆ, ಇಪ್ಪತ್ತೆಂಟು ಹೇಳಿದವರದು 20 ಮಿ.ಮೀ. ಹಾಲಿನ ಬೆಲೆ ಕೇಳಿಕೊಂಡು ಲೀಟರಿನದೋ ಅರ್ಧ ಲೀಟರಿನದೋ ಕೇಳದೆ ಬಂದ ಹಾಗಾಯಿತು. ಇಬ್ಬರೂ ಹೇಳದೆ ಬಿಟ್ಟ ಇನ್ನೊಂದು ಸಂಗತಿಯಿದೆ. ಆ ಡಾಂಬರು ಯಾವುದರ ಮೇಲೆ ಕೂರುತ್ತದೆ, ಅದರ ಮೇಲೆ ಬಿದ್ದ ನೀರು ಎಲ್ಲಿಗೆ ಹೋಗುತ್ತದೆ? ಖರ್ಚಿನ ಬಹುಪಾಲು ಅಲ್ಲೇ ಇದೆ.

ಒಂದು ರಸ್ತೆ ಇಟ್ಟುಕೊಂಡು ಲೆಕ್ಕ ಹಾಕೋಣ. ಉದ್ದ 300 ಮೀಟರ್, ಕಾಂಪೌಂಡಿನಿಂದ ಕಾಂಪೌಂಡಿಗೆ 20 ಅಡಿ. ಎರಡೂ ಬದಿಯಲ್ಲಿ 30–40ರ ಸೈಟುಗಳು, ರಸ್ತೆಗೆ 30 ಅಡಿ ಮುಖ. ಒಂದು ಬದಿಗೆ 32ರಂತೆ ಒಟ್ಟು 64 ಸೈಟು. ವಾಹನ ಓಡುವ ಅಗಲ 4 ಮೀಟರ್ ಇಟ್ಟುಕೊಂಡರೆ ವಿಸ್ತೀರ್ಣ 1,200 ಚದರ ಮೀಟರ್, ಅಂದರೆ ಸುಮಾರು 12,900 ಚದರಡಿ. ಮುಂದೆ ಹೇಳುವ ದರಗಳು ಲೆಕ್ಕ ತೋರಿಸಲು ಇಟ್ಟುಕೊಂಡವು. ಯಾರ ಕೊಟೇಶನ್ನೂ ಅಲ್ಲ, ಸರ್ಕಾರಿ ದರಪಟ್ಟಿಯೂ ಅಲ್ಲ. ನಿಮ್ಮ ಕೈಗೆ ಬಂದ ದರವನ್ನು ಅದೇ ಜಾಗದಲ್ಲಿ ಕೂರಿಸಿಕೊಳ್ಳಿ. ಪ್ರಮಾಣಗಳು ಮಾತ್ರ ಬದಲಾಗುವುದಿಲ್ಲ, ಅವು ಉದ್ದ, ಅಗಲ, ದಪ್ಪದ ಗುಣಾಕಾರ.

ಡಾಂಬರು ರಸ್ತೆಯಾದರೆ ಕೆಳಗಿನಿಂದ ಮೇಲಕ್ಕೆ ಹೀಗೆ ಬರುತ್ತದೆ. ಮೊದಲು ಮಣ್ಣು ತೆಗೆಯುವುದು. ಮುಗಿದ ರಸ್ತೆ ಈಗಿನ ಮಟ್ಟದಲ್ಲೇ ಇರಬೇಕೆಂದರೆ 380 ಮಿ.ಮೀ. ಆಳ ತೆಗೆಯಬೇಕು, ಅದು 456 ಘನ ಮೀಟರ್. ಅಗೆದ ಮಣ್ಣು ಉಬ್ಬುತ್ತದೆ. ಸಾಗಿಸುವಾಗ ಅದು 570ರ ಹತ್ತಿರ ಹೋಗಿ, ಆರು ಚಕ್ರದ ಟಿಪ್ಪರಿನಲ್ಲಿ ನೂರಕ್ಕೂ ಹೆಚ್ಚು ಲೋಡ್ ಆಗುತ್ತದೆ. ಘನ ಮೀಟರಿಗೆ 300 ರೂಪಾಯಿಯಂತೆ 1.37 ಲಕ್ಷ. ಅದರ ಮೇಲೆ ಜಿಎಸ್‌ಬಿ, ಅಂದರೆ ಜಲ್ಲಿ, ಗ್ರಾವೆಲ್, ಕ್ರಷರ್ ಪುಡಿ ಬೆರೆತ ತಳಪದರ: 150 ಮಿ.ಮೀ., 180 ಘನ ಮೀಟರ್, 2,000ದಂತೆ 3.6 ಲಕ್ಷ. ಅದರ ಮೇಲೆ ವೆಟ್ ಮಿಕ್ಸ್, ಅಂದರೆ ನೀರು ಸೇರಿಸಿ ಕಲಸಿದ ಜಲ್ಲಿಯ ಪದರ, ಮತ್ತೆ 150 ಮಿ.ಮೀ., 2,200ರಂತೆ 3.96 ಲಕ್ಷ. ಪದರಗಳು ಅಂಟಿಕೊಳ್ಳಲೆಂದು ಸಿಂಪಡಿಸುವ ತೆಳು ಡಾಂಬರು, ಅಂದರೆ ಪ್ರೈಮ್ ಕೋಟು, ಟ್ಯಾಕ್ ಕೋಟು ಸೇರಿ 72 ಸಾವಿರ. ಡಿಬಿಎಂ ಎನ್ನುವ ದಪ್ಪ ಜಲ್ಲಿಯ ಡಾಂಬರು 50 ಮಿ.ಮೀ., 60 ಘನ ಮೀಟರ್, 5.7 ಲಕ್ಷ. ಕೊನೆಗೆ ನಮ್ಮ ಕಣ್ಣಿಗೆ ಕಾಣುವ ನುಣುಪು ಕಪ್ಪು ಪದರ, ಬಿ.ಸಿ. ಅಂದರೆ ಬಿಟುಮಿನಸ್ ಕಾಂಕ್ರೀಟ್, 30 ಮಿ.ಮೀ., 36 ಘನ ಮೀಟರ್, 3.78 ಲಕ್ಷ. ಎಲ್ಲ ಕೂಡಿದರೆ 19 ಲಕ್ಷದ ಸ್ವಲ್ಪ ಮೇಲೆ. ಚದರಡಿಗೆ ಸುಮಾರು 148 ರೂಪಾಯಿ.

ಈಗ ಚರಂಡಿ. ಒಂದೂವರೆ ಅಡಿ ಅಗಲದ ಕಾಂಕ್ರೀಟ್ ಚರಂಡಿ, ಮೇಲೆ ಚಪ್ಪಡಿ, ಮೀಟರಿಗೆ 3,000 ಎಂದಿಟ್ಟುಕೊಂಡರೂ ಒಂದು ಬದಿಗೆ 9 ಲಕ್ಷ, ಎರಡೂ ಬದಿಗೆ 18 ಲಕ್ಷ. ರಸ್ತೆಗೆ ಆದಷ್ಟೇ ಚರಂಡಿಗೂ ಆಯಿತು! ಸಭೆಯಲ್ಲಿ ಎಲ್ಲರೂ ಮೌನವಾಗುವುದು ಈ ಅಂಕಿ ಬಂದಾಗ. "ಚರಂಡಿ ಆಮೇಲೆ ನೋಡೋಣ, ಈಗ ರಸ್ತೆ ಆಗಲಿ" ಎಂಬ ಮಾತು ಹುಟ್ಟುವುದೂ ಆಗಲೇ. ಆ ಮಾತಿಗೆ ಒಪ್ಪಿದ ದಿನವೇ ರಸ್ತೆಯ ಆಯುಸ್ಸು ಎರಡು ಮಳೆಗಾಲಕ್ಕೆ ಇಳಿಯುತ್ತದೆ.

ಕಾರಣ ನೋಡಿ. ಬೆಂಗಳೂರಿನಲ್ಲಿ ಒಂದು ಗಂಟೆಗೆ 50 ಮಿ.ಮೀ. ಮಳೆ ಅಪರೂಪವೇನಲ್ಲ. ರಸ್ತೆ, ಎರಡೂ ಬದಿಯ ಮನೆಗಳ ತಾರಸಿ, ಅಂಗಳ ಎಲ್ಲ ಸೇರಿ 30 ಮೀಟರ್ ಅಗಲದ ಪಟ್ಟಿಯ ನೀರು ಈ ಬೀದಿಗೇ ಬರುತ್ತದೆ. 9,000 ಚದರ ಮೀಟರ್ ಮೇಲೆ ಬಿದ್ದದ್ದರಲ್ಲಿ ನೂರಕ್ಕೆ 80 ಪಾಲು ಹರಿದರೂ ಗಂಟೆಗೆ 3.6 ಲಕ್ಷ ಲೀಟರ್, ಸೆಕೆಂಡಿಗೆ ನೂರು ಲೀಟರ್. ಇನ್ನೂರು ಅಡಿಗೆ ಒಂದಡಿ ವಾಟವಿರುವ ಒಂದೂವರೆ ಅಡಿ ಅಗಲದ ಚರಂಡಿಯಲ್ಲಿ ಒಂದಡಿ ಎತ್ತರ ನೀರು ಹರಿದರೆ ಅದು ಸೆಕೆಂಡಿಗೆ 150 ಲೀಟರ್‌ಗೂ ಹೆಚ್ಚು ಒಯ್ಯುತ್ತದೆ. ಲೆಕ್ಕದ ಪ್ರಕಾರ ಒಂದೇ ಬದಿಯ ಚರಂಡಿ ಸಾಕು. ಹೂಳು ತುಂಬಿರಬಾರದು ಅಷ್ಟೇ. ಹಾಗಾಗಿ ಎರಡು ಚರಂಡಿಗೆ ದುಡ್ಡಿಲ್ಲದಿದ್ದರೆ ಮಾಡಬಹುದಾದದ್ದು ಇದು: ರಸ್ತೆಗೆ ನಡುವೆ ಉಬ್ಬು ಕೊಡುವ ಬದಲು ಪೂರಾ ಒಂದೇ ಕಡೆಗೆ ವಾಟ ಕೊಡಿ. 4 ಮೀಟರ್ ಅಗಲಕ್ಕೆ ಶೇಕಡ ಎರಡೂವರೆಯಂತೆ 10 ಸೆಂ.ಮೀ. ಇಳಿಜಾರು. ತಗ್ಗಿನ ಬದಿಯಲ್ಲಿ ಒಂದು ಒಳ್ಳೆಯ ಚರಂಡಿ. ಎದುರು ಬದಿಯ ಮನೆಗಳ ಮಳೆನೀರು ದಾಟಲು ರಸ್ತೆ ಹಾಕುವ ಮೊದಲೇ ಅಡ್ಡ ಪೈಪು. 9 ಲಕ್ಷ ಉಳಿಯಿತು.

ಚರಂಡಿ ಎಲ್ಲಿಗೆ ಹೋಗಿ ಸೇರುತ್ತದೆ ಎಂಬುದೂ ಈಗಲೇ ಗೊತ್ತಾಗಬೇಕು. 300 ಮೀಟರಿಗೆ ಆ ವಾಟದಲ್ಲಿ ಒಂದೂವರೆ ಮೀಟರ್ ಇಳಿಯಬೇಕು. ಜಾಗದಲ್ಲಿ ಅಷ್ಟು ಇಳಿಜಾರು ಇದೆಯೇ, ಕೊನೆಯಲ್ಲಿ ಕಾಲುವೆ ಇದೆಯೇ ಎಂದು ಸರ್ವೆಯವರಿಂದ ಲೆವೆಲ್ ತೆಗೆಸಿ ನೋಡಿ. ಒಂದು ದಿನದ ಕೆಲಸ. ಗ್ರಾಮ ನಕ್ಷೆಯಲ್ಲಿ ರಾಜಕಾಲುವೆ, ಹಳ್ಳ, ಬಂಡಿದಾರಿ ಎಲ್ಲ ಗುರುತಾಗಿರುತ್ತವೆ. ನಿಮ್ಮ ಬೀದಿಯ ನೀರು ಪಕ್ಕದ ಬಡಾವಣೆಯವರ ಖಾಲಿ ಸೈಟಿಗೆ ಹೋಗಿ ನಿಲ್ಲುವುದಾದರೆ ಅಲ್ಲಿ ಮನೆ ಏಳುವ ದಿನ ನಿಮ್ಮ ಚರಂಡಿಯ ಬಾಯಿ ಮುಚ್ಚುತ್ತದೆ.

ಅದೇ ಹೊತ್ತಿಗೆ ಹಳೆಯ ಪಹಣಿಯನ್ನೂ ತೆಗೆಸಿ. ಈ ಜಮೀನು ಖುಷ್ಕಿಯೋ (ಮಳೆ ನಂಬಿದ ಹೊಲ) ತರಿಯೋ (ನೀರಾವರಿ ಗದ್ದೆ) ನೋಡಿ. ಹೊಲವಾಗಿದ್ದ ಕೆಂಪು ಮಣ್ಣು ರೋಲರ್‌ಗೆ ಚೆನ್ನಾಗಿ ಕೂರುತ್ತದೆ. ಕೆರೆಯ ಕೆಳಗಿನ ಗದ್ದೆ ಬಯಲಾಗಿದ್ದರೆ ಕೆಳಗೆ ಜೇಡಿ ಇರುತ್ತದೆ. ಮೇಲೆ ಎರಡಡಿ ಕಟ್ಟಡದ ಕಸ ಸುರಿದು ಮಟ್ಟ ಮಾಡಿರುವುದರಿಂದ ನೋಡಿದರೆ ಗೊತ್ತಾಗುವುದಿಲ್ಲ. ಆದ್ದರಿಂದ ಮೂರು ಕಡೆ ಮೂರಡಿ ಆಳದ ಗುಂಡಿ ತೋಡಿಸಿ. ತಳದ ಒದ್ದೆ ಮಣ್ಣನ್ನು ಅಂಗೈಯಲ್ಲಿ ಉಜ್ಜಿದಾಗ 3 ಮಿ.ಮೀ. ದಾರದಂತೆ ಮುರಿಯದೆ ಬಂದರೆ ಜೇಡಿ ಹೆಚ್ಚು ಎಂದರ್ಥ. ಅಲ್ಲಿ 150 ಮಿ.ಮೀ. ಜಿಎಸ್‌ಬಿ ಸಾಲದು, ಆ ಮಣ್ಣನ್ನು ಇನ್ನೊಂದಡಿ ತೆಗೆದು ಗ್ರಾವೆಲ್ ತುಂಬಬೇಕು. ತಳ ಸಿದ್ಧವಾದ ಮೇಲೆ ತುಂಬಿದ ಟಿಪ್ಪರನ್ನು ನಿಧಾನವಾಗಿ ಓಡಿಸಿ, ಚಕ್ರದ ಹಿಂದೆ ನಡೆಯಿರಿ. ನೆಲ ಹಾಸಿಗೆಯಂತೆ ಕುಗ್ಗಿ ಏಳುವ ಜಾಗಕ್ಕೆ ಸುಣ್ಣದ ಗುರುತು ಹಾಕಿ, ಅಲ್ಲಿ ಅಗೆಸಿ. ಇದಕ್ಕೆ ಪ್ರಯೋಗಾಲಯ ಬೇಕಿಲ್ಲ.

ಟ್ಯಾಂಕರ್ ಎಂಬ ಯಜಮಾನ

"ನಮ್ಮದು ಮನೆಗಳ ಬೀದಿ, ಲಾರಿ ಬರುವುದಿಲ್ಲ, ಇಷ್ಟೆಲ್ಲ ದಪ್ಪ ಯಾಕೆ?" ಎಂದು ಕೇಳುವವರಿದ್ದಾರೆ. ನೀರಿನ ಟ್ಯಾಂಕರ್ ಬರುತ್ತದಲ್ಲ? 12,000 ಲೀಟರ್ ಅಂದರೆ ನೀರೇ 12 ಟನ್. ಲಾರಿಯ ತೂಕ ಸೇರಿ ಹದಿನೆಂಟು ಟನ್ ದಾಟುತ್ತದೆ, ಅದರಲ್ಲಿ ಹಿಂದಿನ ಅಚ್ಚಿನ ಮೇಲೆ ಹನ್ನೆರಡು ಟನ್ನಿನ ಹತ್ತಿರ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ನಡೆದ ಆಶೋ ರಸ್ತೆ ಪರೀಕ್ಷೆಯಿಂದ ಇಂಜಿನಿಯರುಗಳು ಹಿಡಿದುಕೊಂಡ ಒಂದು ಅಂದಾಜಿದೆ: ಅಚ್ಚಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಹದಿನಾರು ಪಟ್ಟು. ನಾಲ್ಕನೇ ಘಾತದ ನಿಯಮ ಎನ್ನುತ್ತಾರೆ. ಸಣ್ಣ ಕಾರಿನ ಅಚ್ಚಿನ ಮೇಲೆ ಆರೇಳು ನೂರು ಕೆಜಿ. ಈ ಲೆಕ್ಕದಲ್ಲಿ ಟ್ಯಾಂಕರಿನ ಒಂದು ಹಿಂದಿನ ಅಚ್ಚು ಕಾರಿನ ಒಂದು ಲಕ್ಷ ಅಚ್ಚುಗಳಿಗೆ ಸಮ. ಹಾಗಾಗಿ ರಸ್ತೆಯ ವಿನ್ಯಾಸ ಆಗಬೇಕಾದದ್ದು ಕಾರುಗಳಿಗಾಗಿ ಅಲ್ಲ, ವಾರಕ್ಕೆ ನಾಲ್ಕು ಸಲ ಬರುವ ಟ್ಯಾಂಕರ್‌ಗಾಗಿ, ಮನೆ ಕಟ್ಟುವವರ ಜಲ್ಲಿ ಲಾರಿಗಾಗಿ.

ಆ ಟ್ಯಾಂಕರ್ ಸೋರುತ್ತದೆ ಬೇರೆ. ಡಾಂಬರಿಗೆ ನಿಂತ ನೀರು ವಿಷ. ಜಲ್ಲಿಗೂ ಡಾಂಬರಿಗೂ ನಡುವೆ ನೀರು ನುಗ್ಗಿ ಹಿಡಿತ ಬಿಡಿಸುತ್ತದೆ, ಮೇಲೆ ಚಕ್ರ ಓಡಿದಾಗ ಜಲ್ಲಿ ಒಂದೊಂದಾಗಿ ಎದ್ದು ಬರುತ್ತದೆ. ಬೆಳಿಗ್ಗೆ ರಂಗೋಲಿಗೆ ಚಿಮುಕಿಸುವ ನೀರಿನಿಂದ ಯಾವ ರಸ್ತೆಯೂ ಹಾಳಾಗಿಲ್ಲ, ಹೆಂಗಸರನ್ನು ದೂರಬೇಡಿ. ಹಾಳಾಗುವುದು ಓವರ್‌ಹೆಡ್ ಟ್ಯಾಂಕು ತುಂಬಿ ಅರ್ಧ ಗಂಟೆ ಉಕ್ಕಿದಾಗ, ಗೇಟಿನ ಮುಂದೆ ದಿನಾ ಕಾರು ತೊಳೆದಾಗ, ಕಾರು ಹತ್ತಿಸಲು ರ‍್ಯಾಂಪನ್ನು ಚರಂಡಿಯ ಮೇಲೆ, ರಸ್ತೆಯೊಳಕ್ಕೆ ಎರಡಡಿ ಚಾಚಿ ಕಟ್ಟಿದಾಗ. ರ‍್ಯಾಂಪಿನ ಹಿಂದೆ ನಿಂತ ನೀರು ರಸ್ತೆಯ ಅಂಚನ್ನು ತಿನ್ನುತ್ತದೆ. ಅಂಚು ಹೋದರೆ ನಡುಭಾಗವೂ ಉಳಿಯುವುದಿಲ್ಲ.

ಡಾಂಬರೋ ಕಾಂಕ್ರೀಟೋ

ಕಾಂಕ್ರೀಟ್ ರಸ್ತೆಯ ಲೆಕ್ಕವನ್ನೂ ಅದೇ ಉದ್ದ ಅಗಲಕ್ಕೆ ಹಾಕೋಣ. 300 ಮಿ.ಮೀ. ಅಗೆತ 1.08 ಲಕ್ಷ, ಜಿಎಸ್‌ಬಿ 3.6 ಲಕ್ಷ, ಎಂ-30 ಕಾಂಕ್ರೀಟ್ (ಅಂಕಿ ಹೆಚ್ಚಿದಷ್ಟೂ ಗಟ್ಟಿ) 150 ಮಿ.ಮೀ., 180 ಘನ ಮೀಟರ್, ಹಾಕಿ ಮುಗಿಸಲು 7,500ರಂತೆ 13.5 ಲಕ್ಷ, ಜಾಯಿಂಟ್ ಕತ್ತರಿಸುವುದು, ಕ್ಯೂರಿಂಗ್ ಇತ್ಯಾದಿ 60 ಸಾವಿರ. ಒಟ್ಟು 18.78 ಲಕ್ಷ. ಡಾಂಬರಿಗೂ ಇದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ತಳ ಸರಿಯಾಗಿ ಮಾಡುವವರಿಗೆ ಎರಡರ ಬೆಲೆಯೂ ಹತ್ತಿರ ಹತ್ತಿರ ಬರುತ್ತದೆ. ಡಾಂಬರು ಅಗ್ಗ ಎನ್ನುವವರು ತಳವನ್ನು ಲೆಕ್ಕದಿಂದ ಬಿಟ್ಟಿರುತ್ತಾರೆ, ಅಥವಾ ಕಾಂಕ್ರೀಟ್ ಅಗ್ಗ ಎನ್ನುವವರು 100 ಮಿ.ಮೀ. ಎಂ-20 ಹಾಕಲು ಹೊರಟಿರುತ್ತಾರೆ. ಆ ನಾಲ್ಕಿಂಚು ಟ್ಯಾಂಕರಿನಡಿ ಬಿರಿಯುತ್ತದೆ.

ಹಾಗಾದರೆ ಯಾವುದನ್ನು ಆರಿಸಬೇಕು? ನಮ್ಮ ಅಭಿಪ್ರಾಯ ಒಂದು ಪ್ರಶ್ನೆಯ ಮೇಲೆ ನಿಂತಿದೆ: ನೆಲದಡಿಯ ಕೊಳವೆಗಳ ಕೆಲಸ ಮುಗಿದಿದೆಯೇ? 2007ರಲ್ಲಿ 110 ಹಳ್ಳಿಗಳು ಬಿಬಿಎಂಪಿಗೆ ಸೇರಿದವು. ಆ ಹಳ್ಳಿಗಳಿಗೆಂದು ಕಾವೇರಿ 5ನೇ ಹಂತದ ನೀರಿನ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ಆ ಭಾಗದಲ್ಲಿ ಓಡಾಡಿದವರಿಗೆ ಅಗೆದ ರಸ್ತೆಯ ರುಚಿ ಗೊತ್ತಿದೆ. ಈಗ ಬಿಬಿಎಂಪಿಯ ಜಾಗದಲ್ಲಿ ಐದು ನಗರ ಪಾಲಿಕೆಗಳಿವೆ, ಅವುಗಳ ಅಂಚಿನಲ್ಲಿ ಇನ್ನೂ ಪಂಚಾಯಿತಿಯಲ್ಲೇ ಇರುವ ನಿಮ್ಮಂಥ ಬಡಾವಣೆಗಳಿಗೆ ಒಳಚರಂಡಿ, ನೀರಿನ ಕೊಳವೆ, ಗ್ಯಾಸ್, ಬೆಸ್ಕಾಂ ಕೇಬಲ್ ಎಲ್ಲವೂ ಇನ್ನು ಬರಬೇಕಾದವೇ. ಕಾಂಕ್ರೀಟ್ ಹಾಕಿದ ಮೇಲೆ ಅಗೆದರೆ ತೇಪೆ ಎಂದೂ ಒಂದಾಗುವುದಿಲ್ಲ. ಡಾಂಬರಿನ ತೇಪೆ ಸ್ವಲ್ಪ ವಾಸಿ. ಕೊಳವೆಗಳು ಬರುವುದು ಖಾತ್ರಿ, ಯಾವಾಗ ಗೊತ್ತಿಲ್ಲ ಎನ್ನುವ ಬೀದಿಗೆ 80 ಮಿ.ಮೀ. ಇಂಟರ್‌ಲಾಕ್ ಬ್ಲಾಕ್ ವಾಸಿ. ತೆಗೆದು ಮತ್ತೆ ಜೋಡಿಸಬಹುದು. 60 ಮಿ.ಮೀ. ಬ್ಲಾಕ್ ಕಾರ್ ಪಾರ್ಕಿಂಗಿಗೆ ಸರಿ, ಟ್ಯಾಂಕರಿಗೆ ಸಲ್ಲ. ಎರಡೂ ಅಂಚಿನಲ್ಲಿ ಸೈಜುಕಲ್ಲೋ ಕಾಂಕ್ರೀಟ್ ಕಟ್ಟೆಯೋ ಗಟ್ಟಿಯಾಗಿ ಇಲ್ಲದಿದ್ದರೆ ಬ್ಲಾಕುಗಳು ಒಂದೊಂದೇ ಹೊರಕ್ಕೆ ಜರುಗಿ ಸಂದಿ ಬಿಡುತ್ತವೆ.

ಯಾವ ರಸ್ತೆ ಹಾಕಿದರೂ ಮಾಡಬೇಕಾದ ಒಂದು ಅಗ್ಗದ ಕೆಲಸವಿದೆ. ಪ್ರತಿ 30 ಮೀಟರಿಗೆ ಒಂದರಂತೆ ರಸ್ತೆಗೆ ಅಡ್ಡಲಾಗಿ 110 ಮಿ.ಮೀ. ಪಿವಿಸಿ ಪೈಪನ್ನು ಎರಡೂವರೆ ಅಡಿ ಆಳದಲ್ಲಿ ಖಾಲಿಯಾಗಿ ಹೂತು, ಎರಡೂ ಬಾಯಿಗೆ ಮುಚ್ಚಳ ಹಾಕಿ, ಎದುರಿನ ಕಾಂಪೌಂಡಿನ ಮೇಲೆ ಬಣ್ಣದ ಗುರುತು ಮಾಡಿ. 300 ಮೀಟರಿಗೆ ಹತ್ತು ಪೈಪು, ಒಟ್ಟು 60 ಮೀಟರ್. ಮುಂದೆ ಕೇಬಲ್ಲಿನವರು ಬಂದಾಗ ಗರಗಸ ತರುವ ಬದಲು ಆ ಪೈಪಿನಲ್ಲಿ ತೂರಿಸಲಿ. ಗುರುತು ಮಾಡದಿದ್ದರೆ ಪೈಪು ಇದ್ದೂ ಇಲ್ಲದ ಹಾಗೆ.

ಕಾಂಕ್ರೀಟಿನಲ್ಲಿ ಕೆಡುವುದು ಮೂರು ಕಡೆ. ಮೊದಲನೆಯದು ನೀರು. ಲಾರಿ ಬಂದಾಗ ಕಾಂಕ್ರೀಟ್ ಗಟ್ಟಿಯಾಗಿದೆ, ಎಳೆಯಲು ಕಷ್ಟ ಎಂದು ಕೆಲಸಗಾರರು ಪೈಪು ಹಿಡಿಯುತ್ತಾರೆ. ಘನ ಮೀಟರಿಗೆ 380 ಕೆಜಿ ಸಿಮೆಂಟು, 171 ಲೀಟರ್ ನೀರು ಎಂದಿಟ್ಟುಕೊಂಡರೆ ಅನುಪಾತ 0.45. ಆರು ಘನ ಮೀಟರಿನ ಲಾರಿಗೆ 120 ಲೀಟರ್, ಅಂದರೆ ಆರು ಬಿಂದಿಗೆಯಷ್ಟು ಸುರಿದರೆ ಅದು 0.50 ಆಗುತ್ತದೆ. ಎಂ-30ಕ್ಕೆ ದುಡ್ಡು ಕೊಟ್ಟು ಎಂ-25 ಹಾಕಿಸಿಕೊಂಡ ಹಾಗೆ. ಮೃದುತ್ವ ಬೇಕಿದ್ದರೆ ಪ್ಲಾಂಟಿನವರು ಕೊಡುವ ಅಡ್‌ಮಿಕ್ಸ್ಚರ್ ಎಂಬ ರಾಸಾಯನಿಕ ಹಾಕಿಸಿ. ಎರಡನೆಯದು ಜಾಯಿಂಟು. ಪ್ರತಿ 4 ಮೀಟರಿಗೆ ಅಡ್ಡ ಗೀಟು, ದಪ್ಪದ ಮೂರನೇ ಒಂದು ಪಾಲು, ಅಂದರೆ 50 ಮಿ.ಮೀ. ಆಳ. 300 ಮೀಟರಿಗೆ 74 ಗೀಟು. ಸಂಜೆ ಹಾಕಿದ ಕಾಂಕ್ರೀಟಿಗೆ ಮರುದಿನ ಬೆಳಿಗ್ಗೆಯೇ ಯಂತ್ರ ಬರಬೇಕು. "ಭಾನುವಾರ ಸಾರ್, ಸೋಮವಾರ ಕತ್ತರಿಸ್ತೀವಿ" ಎಂದರೆ ಕಾಂಕ್ರೀಟ್ ಕಾಯುವುದಿಲ್ಲ, ತನ್ನ ಗೀಟನ್ನು ತಾನೇ ಸೊಟ್ಟಕ್ಕೆ ಹಾಕಿಕೊಳ್ಳುತ್ತದೆ. ಮೂರನೆಯದು ಕ್ಯೂರಿಂಗ್. 14 ದಿನ ಗೋಣಿಚೀಲ ಒದ್ದೆಯಾಗಿರಬೇಕು. ಚದರ ಮೀಟರಿಗೆ ದಿನಕ್ಕೆ 5 ಲೀಟರ್ ಎಂದರೂ 1,200 ಚದರ ಮೀಟರಿಗೆ 6,000 ಲೀಟರ್, ದಿನಕ್ಕೊಂದು ಟ್ರ್ಯಾಕ್ಟರ್ ಟ್ಯಾಂಕರ್. ಈ ಹದಿನಾಲ್ಕು ಟ್ಯಾಂಕರಿನ ದುಡ್ಡು ಯಾರದು ಎಂದು ಕರಾರಿನಲ್ಲಿ ಬರೆದಿರದಿದ್ದರೆ ನಾಲ್ಕನೇ ದಿನಕ್ಕೆ ನೀರು ನಿಲ್ಲುತ್ತದೆ. ಅಷ್ಟು ದಿನ ಕಾರುಗಳನ್ನು ಎಲ್ಲಿ ನಿಲ್ಲಿಸುವುದು, ಹಾಸಿಗೆ ಹಿಡಿದ ಹಿರಿಯರಿರುವ ಮನೆಗೆ ಆಂಬುಲೆನ್ಸ್ ಹೇಗೆ ಬರುವುದು, ಇದನ್ನೂ ಮೊದಲೇ ಯೋಚಿಸಿ. ರಸ್ತೆಯನ್ನು ಉದ್ದದಲ್ಲಿ ಎರಡು ಭಾಗ ಮಾಡಿ, ಒಂದು ಭಾಗ ಮುಗಿದ ಮೇಲೆ ಇನ್ನೊಂದು ಶುರುಮಾಡುವುದು ಸಾಮಾನ್ಯ ದಾರಿ.

ಡಾಂಬರಿನಲ್ಲಿ ಕೆಡುವುದು ಬಿಸಿಯಲ್ಲಿ. ವಿಜಿ-30 ಎಂಬ ದರ್ಜೆಯ ಡಾಂಬರಿನ ಮಿಶ್ರಣ ಪ್ಲಾಂಟಿನಿಂದ 150ರಿಂದ 165 ಡಿಗ್ರಿಯಲ್ಲಿ ಹೊರಡುತ್ತದೆ. ಹರಡುವಾಗ 140ಕ್ಕೆ ಕಡಿಮೆ ಇರಬಾರದು, 90ಕ್ಕೆ ಇಳಿಯುವ ಮೊದಲು ರೋಲಿಂಗ್ ಮುಗಿಯಬೇಕು. ನಮ್ಮ ಟ್ರಾಫಿಕ್ಕಿನಲ್ಲಿ ಟಾರ್ಪಾಲಿನ್ ಇಲ್ಲದೆ ಎರಡು ಗಂಟೆ ನಿಂತ ಲೋಡು ಬಂದಾಗ ನೋಡಲು ಕಪ್ಪಗೇ ಇರುತ್ತದೆ, ಆದರೆ ರೋಲರಿನಡಿ ಕೂರುವುದಿಲ್ಲ. ಸಂಘದವರೇ ಕಡ್ಡಿ ಥರ್ಮಾಮೀಟರ್ ಒಂದನ್ನು ಕೊಂಡು ಪ್ರತಿ ಲಾರಿಯಲ್ಲೂ ಚುಚ್ಚಿ ನೋಡಿ. ದಪ್ಪ ಹಿಡಿಯಲು ಇನ್ನೂ ಸುಲಭದ ದಾರಿ ವೇಬ್ರಿಡ್ಜ್ ಚೀಟಿ. ರೋಲರ್ ಹೊಡೆದ ಡಾಂಬರು ಘನ ಮೀಟರಿಗೆ ಸುಮಾರು 2.35 ಟನ್ ತೂಗುತ್ತದೆ. ನಮ್ಮ ರಸ್ತೆಗೆ 30 ಮಿ.ಮೀ. ಮೇಲ್ಪದರ ಎಂದರೆ 85 ಟನ್ ಬರಬೇಕು. 56 ಟನ್ ಬಂದಿದ್ದರೆ ನಿಮ್ಮದು 20 ಮಿ.ಮೀ. ರಸ್ತೆ, ಕಂಟ್ರಾಕ್ಟರ್ ಏನೇ ಹೇಳಲಿ.

ಮಳೆಗಾಲದ ಲೆಕ್ಕವನ್ನೂ ಮರೆಯಬೇಡಿ. ಇಲ್ಲಿ ಮೇ ತಿಂಗಳ ಮಳೆ ಬೇರೆ, ಆಗಸ್ಟಿನಿಂದ ಅಕ್ಟೋಬರಿನ ಮಳೆ ಬೇರೆ, ನವೆಂಬರಿನಲ್ಲಿ ಚಂಡಮಾರುತದ ಬಾಲ ಬೇರೆ. ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ನಂಬಬಹುದು. ಎಲ್ಲರಿಗೂ ಅದೇ ಕಾಲ ಬೇಕಾಗಿರುವುದರಿಂದ ದರವೂ ಆಗಲೇ ಏರುತ್ತದೆ.

ರಸ್ತೆ ಯಾರ ಹೆಸರಿನಲ್ಲಿದೆ?

"ತೆರಿಗೆ ಕಟ್ಟುತ್ತೇವೆ, ನಾವೇ ಯಾಕೆ ಹಾಕಿಸಬೇಕು?" ನ್ಯಾಯವಾದ ಪ್ರಶ್ನೆ. ಉತ್ತರ ಕಾಗದದಲ್ಲಿದೆ. ಅನುಮೋದಿತ ಬಡಾವಣೆಯಾಗಿ, ರಸ್ತೆ, ಪಾರ್ಕುಗಳನ್ನು ನೋಂದಾಯಿತ ಪರಿತ್ಯಾಜನಾ ಪತ್ರದ (ಹಕ್ಕು ಬಿಟ್ಟುಕೊಡುವ ಪತ್ರದ) ಮೂಲಕ ಪಂಚಾಯಿತಿಗೋ ಪಾಲಿಕೆಗೋ ಒಪ್ಪಿಸಿದ್ದರೆ ರಸ್ತೆ ಅವರದು, ಕೇಳುವ ಹಕ್ಕು ನಿಮ್ಮದು. ಗ್ರಾಮಸಭೆಯಲ್ಲಿ ಕ್ರಿಯಾ ಯೋಜನೆಗೆ ಸೇರಿಸಲು ಒತ್ತಾಯಿಸಿ, ನಡಾವಳಿಯಲ್ಲಿ ಬರೆಸಿ. ಪಂಚಾಯಿತಿಯ ಕೈ ಎಷ್ಟು ಕಟ್ಟಿರುತ್ತದೆ ಎಂಬುದೂ ತಿಳಿದಿರಲಿ: 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಪಾಲು ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು, ರಸ್ತೆಯಂಥ ಕೆಲಸಗಳಿಗೆ ಉಳಿದ 40ರಲ್ಲೇ ಹಂಚಿಕೆ. ಒಂದು ಬೀದಿಗೆ ರಸ್ತೆ, ಒಂದು ಬದಿಯ ಚರಂಡಿ, ಜಿಎಸ್‌ಟಿ ಸೇರಿ 33 ಲಕ್ಷ ಎಂದರೆ ಪಿಡಿಒ ನಗುವುದು ಅದಕ್ಕೇ. ಆದರೆ ಚರಂಡಿ ಮಾತ್ರ ಅವರು, ರಸ್ತೆ ನೀವು ಎಂದು ಹಂಚಿಕೊಂಡರೆ ಮಾತು ಮುಂದುವರಿಯುವ ಸಾಧ್ಯತೆ ಇದೆ.

ಬಡಾವಣೆ ಅನುಮೋದಿತ, ಆದರೆ ಇನ್ನೂ ಹಸ್ತಾಂತರವಾಗಿಲ್ಲ ಎಂದರೆ ಹೊಣೆ ಡೆವಲಪರನದು. ಬಡಾವಣೆಗೆ ಅನುಮೋದನೆ ಕೊಟ್ಟ ಪ್ರಾಧಿಕಾರದವರು ಕಾಮಗಾರಿ ಮುಗಿದಂತೆ ಹಂತ ಹಂತವಾಗಿ ಸೈಟು ಬಿಡುಗಡೆ ಮಾಡುತ್ತಾರೆ. ಬಿಡುಗಡೆಯಾಗದ ಸೈಟುಗಳು ಉಳಿದಿರುವ ತನಕ ಅವನ ಮೇಲೆ ಹಿಡಿತ ಇರುತ್ತದೆ. ಕೊನೆಯ ಸೈಟು ಮಾರಿದ ಮೇಲೆ ಫೋನೂ ಎತ್ತುವುದಿಲ್ಲ. ರೆವಿನ್ಯೂ ಬಡಾವಣೆಯಾದರೆ, ಅಂದರೆ ಅನುಮೋದನೆಯಿಲ್ಲದೆ ಕೃಷಿ ಜಮೀನಿನಲ್ಲಿ ಸೈಟು ಮಾಡಿದ್ದಾದರೆ, ರಸ್ತೆ ಕಾಗದದಲ್ಲಿ ಇನ್ನೂ ಹಳೆಯ ಜಮೀನುದಾರರ ಹೆಸರಲ್ಲೇ ಇರಬಹುದು. ನಿಮ್ಮ ದುಡ್ಡು ಅದರ ಮೇಲೆ ಬೀಳುವ ಮೊದಲು ಆ ಪರಿತ್ಯಾಜನಾ ಪತ್ರ ಆಗಲಿ.

ಇನ್ನು ಹಂಚಿಕೆ. ಒಂದು ಬದಿಯ ಚರಂಡಿ ಸೇರಿ 28 ಲಕ್ಷ, ಅದಕ್ಕೆ ಶೇ. 18 ಜಿಎಸ್‌ಟಿ, ಸುಮಾರು 33 ಲಕ್ಷ. ಕಪ್ಪಗೆ ಹೊಳೆಯುವ ಆ ಮೇಲ್ಪದರ ಇದರಲ್ಲಿ ಏಳನೇ ಒಂದು ಪಾಲೂ ಇಲ್ಲ ಎಂಬುದನ್ನು ಗಮನಿಸಿ. ದರದ ಜಗಳವೆಲ್ಲ ಅದರ ಬಗ್ಗೆಯೇ. 64 ಸೈಟಿಗೆ ಸಮನಾಗಿ ಹಂಚಿದರೆ ತಲಾ 51,600. ಬೀದಿಯಲ್ಲಿ ದೊಡ್ಡ ಸೈಟುಗಳೂ ಇದ್ದರೆ ಇಲ್ಲಿಗೆ ಕೂಗು ಏಳುತ್ತದೆ. 40–60ರ ಸೈಟಿನವರೂ ಅಷ್ಟೇ, ನಾವೂ ಅಷ್ಟೇಯಾ? ವಿಸ್ತೀರ್ಣದ ಮೇಲೆ ಹಂಚಿದರೆ 40–60ರವರು ದುಪ್ಪಟ್ಟು ಕೊಡಬೇಕು, ಅವರು ಒಪ್ಪುವುದಿಲ್ಲ. ಮುಖದ ಅಡಿ ಲೆಕ್ಕವೇ ನಮಗೆ ಸರಿ ಎನಿಸುವುದು. ಒಟ್ಟು ಮುಖ 1,920 ಅಡಿ, ಅಡಿಗೆ ಸುಮಾರು 1,720 ರೂಪಾಯಿ. 30 ಅಡಿಯವರಿಗೆ 51,600, 40 ಅಡಿ ಮುಖದವರಿಗೆ 68,800. ಪ್ರತಿ ಮನೆಯ ಮುಂದೆ ಎಷ್ಟು ರಸ್ತೆ, ಎಷ್ಟು ಚರಂಡಿ ಇದೆಯೋ ಅಷ್ಟು ಹಣ, ಟೇಪು ಹಿಡಿದರೆ ವಾದ ಮುಗಿಯುತ್ತದೆ. ಮೂಲೆ ಸೈಟಿನವರಿಗೆ ಎರಡೂ ಕಡೆ ಪೂರ್ತಿ ಹಾಕಿದರೆ ಅನ್ಯಾಯ. ಗೇಟು ಇರುವ ಬದಿ ಪೂರ್ತಿ, ಇನ್ನೊಂದು ಬದಿ ಅರ್ಧ ಎಂದು ಠರಾವು ಮಾಡಿ. "ನನ್ನ ಮನೆ ಬೀದಿಯ ಬಾಯಲ್ಲೇ ಇದೆ, ನಾನು ಉಪಯೋಗಿಸುವುದು ಇಪ್ಪತ್ತು ಮೀಟರ್" ಎನ್ನುವವರಿಗೂ ಇದರಲ್ಲೇ ಉತ್ತರವಿದೆ. ಅವರು ಕೊಡುವುದು ತಮ್ಮ ಮನೆಯ ಮುಂದಿನ ರಸ್ತೆಗಷ್ಟೇ.

ಖಾಲಿ ಸೈಟುಗಳದೇ ದೊಡ್ಡ ತೊಡಕು. 64ರಲ್ಲಿ 40 ಮನೆ, 24 ಖಾಲಿ ಎಂದುಕೊಳ್ಳಿ. ಖಾಲಿಯವರು ಯಾರೂ ಕೊಡದಿದ್ದರೆ 12 ಲಕ್ಷಕ್ಕೂ ಹೆಚ್ಚು ಕಡಿಮೆ ಬೀಳುತ್ತದೆ, ಉಳಿದವರ ಪಾಲು 82,500ಕ್ಕೆ ಏರುತ್ತದೆ. ಮಾಲೀಕರು ಎಲ್ಲೋ ದೂರ ಇರುತ್ತಾರೆ, ಬೆಲೆ ಏರಲೆಂದು ಕಾಯುತ್ತಿರುತ್ತಾರೆ. ರಸ್ತೆಯಾದರೆ ಆ ಬೆಲೆ ಏರುವುದೂ ಅವರಿಗೇ. ಅವರ ಮೇಲೆ ಕಾನೂನಿನ ಬಲವಂತ ಮಾಡುವ ಅಧಿಕಾರ ಸಂಘಕ್ಕಿಲ್ಲ. ಆದರೆ ಪ್ರತಿ ಸೈಟಿನ ಬಾಕಿಯನ್ನು ಸಭೆಯ ನಡಾವಳಿಯಲ್ಲಿ ಬರೆದಿಡಿ, ಕೊಳ್ಳಲು ಬಂದವರು ಸಂಘವನ್ನು ವಿಚಾರಿಸಿದಾಗ ಅದನ್ನು ತೋರಿಸಿ. ಇದಕ್ಕೆ ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿರಬೇಕು, ರಸ್ತೆಗೇ ಪ್ರತ್ಯೇಕ ಬ್ಯಾಂಕ್ ಖಾತೆ ಇರಬೇಕು. ಒಬ್ಬರ ಸ್ವಂತ ಖಾತೆಗೆ ಗೂಗಲ್ ಪೇ ಮಾಡಿಸಿಕೊಂಡರೆ ಎಷ್ಟೇ ಪ್ರಾಮಾಣಿಕರಾದರೂ ಮಾತು ಬರುತ್ತದೆ. ಹೊಸದಾಗಿ ಮನೆ ಕಟ್ಟುವವರಿಂದ ಮರಳಿಸುವ ಠೇವಣಿ ಪಡೆಯುವ ಪದ್ಧತಿ ಇದ್ದರೆ ಜಲ್ಲಿ ಲಾರಿಯ ಹಾನಿಗೂ ಸ್ವಲ್ಪ ಉತ್ತರ ಸಿಗುತ್ತದೆ.

ಅಷ್ಟೂ ಹಣ ಒಟ್ಟಿಗೆ ಕೂಡದಿದ್ದರೆ? ದಪ್ಪ ಕಡಿಮೆ ಮಾಡಬೇಡಿ, ಕಂತು ಮಾಡಿ. ಅಗೆತ, ಜಿಎಸ್‌ಬಿ, ಚರಂಡಿ ಸೇರಿದರೆ ಜಿಎಸ್‌ಟಿ ಸಮೇತ 16.5 ಲಕ್ಷ, ಸರಿಯಾಗಿ ಅರ್ಧ. ಸೈಟಿಗೆ 25,800. ಈ ವರ್ಷ ಅಷ್ಟು ಮಾಡಿ ಒಂದು ಮಳೆಗಾಲ ಬಿಡಿ. ಹಳೆಯ ಪೈಪ್‌ಲೈನಿನ ಹಳ್ಳಗಳೆಲ್ಲ ಕುಸಿಯುವುದಿದ್ದರೆ ಕುಸಿಯಲಿ, ನೀರು ನಿಲ್ಲುವ ಜಾಗ ತಾನೇ ಕಾಣಿಸಲಿ. ಮುಂದಿನ ಜನವರಿಯಲ್ಲಿ ಜಿಎಸ್‌ಬಿ ಮೇಲ್ಮೈ ತಿದ್ದಿ, ವೆಟ್ ಮಿಕ್ಸ್, ಡಾಂಬರು. ಕೆಸರಿಲ್ಲದ ರಸ್ತೆಯಲ್ಲಿ ಒಂದು ವರ್ಷ ಓಡಾಡಿದ ಮೇಲೆ ಎರಡನೇ ಕಂತು ಕೊಡಲು ಜನರೂ ಅಷ್ಟು ಗೊಣಗುವುದಿಲ್ಲ.

ಸಭಿಕರಲ್ಲಿ ಒಬ್ಬರು, ಈಗಿರುವ ಹಳೇ ಡಾಂಬರಿನ ಮೇಲೇ ಇನ್ನೊಂದು ಪದರ ಹಾಕಬಾರದೇ ಎಂದು ಕೇಳಿದ್ದಾರೆ. ತಳ ಗಟ್ಟಿಯಿದ್ದು ಮೇಲ್ಪದರ ಮಾತ್ರ ಸವೆದಿದ್ದರೆ ಹಾಕಬಹುದು, ಅಗ್ಗವೂ ಹೌದು. ಮೊಸಳೆ ಚರ್ಮದಂತೆ ಸಣ್ಣ ಸಣ್ಣ ಚೌಕಗಳಾಗಿ ಬಿರಿದಿದ್ದರೆ ರೋಗ ತಳದ್ದು. ಅದೇ ಬಿರುಕು ಹೊಸ ಪದರದಲ್ಲೂ ಮೂಡುತ್ತದೆ. ಇನ್ನು ಮಟ್ಟ. ಪ್ರತಿ ಸಲ ಎರಡಿಂಚಿನಂತೆ ಮೂರು ಸಲ ಹಾಕಿದರೆ ಅರ್ಧ ಅಡಿ ಏರಿತು, ಹಳೇ ಮನೆಗಳ ಹೊಸ್ತಿಲು ರಸ್ತೆಗಿಂತ ಕೆಳಗಾಯಿತು. ಮಳೆ ಬಂದಾಗ ನೀರು ಚರಂಡಿಯ ಬದಲು ಅವರ ಹಾಲ್‌ಗೆ ಹೋಗುತ್ತದೆ. ಹಳೆಯ ಪದರ ಕೆರೆದು ತೆಗೆದು ಹಾಕುವುದೇ ಸರಿ. ಮ್ಯಾನ್‌ಹೋಲ್ ಚೇಂಬರುಗಳನ್ನು ಹೊಸ ಮಟ್ಟಕ್ಕೆ ತರುವ ಕೆಲಸವನ್ನೂ ಕರಾರಿನಲ್ಲಿ ಬರೆಸಿ. ಇಲ್ಲದಿದ್ದರೆ ಹೊಸ ರಸ್ತೆಯ ಮೊದಲ ಗುಂಡಿ ಅಲ್ಲೇ.

ಕರಾರಿನ ಬಗ್ಗೆ ಕೊನೆಯದಾಗಿ. ಪ್ರತಿ ಪದರದ ಮುಂದೆ "ರೋಲರ್ ಹೊಡೆದ ನಂತರದ ದಪ್ಪ" ಎಂಬ ಮಾತು ಇರಲಿ, ಬರೀ ದಪ್ಪ ಎಂದಿದ್ದರೆ ಸಡಿಲ ಜಲ್ಲಿಯ ದಪ್ಪ ಎಂದು ಅರ್ಥ ಮಾಡಿಕೊಳ್ಳುವವರಿದ್ದಾರೆ. ರೋಲರ್ ಹೊಡೆದಾಗ ವೆಟ್ ಮಿಕ್ಸ್ ಸಾಕಷ್ಟು ಕುಗ್ಗುತ್ತದೆ. ಒಂದು ಪದರ ಅಳೆದು, ಫೋಟೋ ತೆಗೆದು, ಎರಡೂ ಕಡೆಯವರು ಸಹಿ ಹಾಕುವ ತನಕ ಮುಂದಿನ ಪದರ ಬೇಡ. ಮುಚ್ಚಿದ ಮೇಲೆ ಅಳೆಯಲಾಗುವುದಿಲ್ಲ. ಹಣ ಹಂತ ಹಂತವಾಗಿ ಕೊಡಿ. ಬಿಲ್ ಇಲ್ಲದೆ ಮಾಡಿದರೆ ಜಿಎಸ್‌ಟಿ ಉಳಿಯುತ್ತದೆ ಎಂಬ ಆಸೆಗೆ ಬಿದ್ದರೆ ನಾಳೆ ಕೇಳಲು ಕಾಗದವೇ ಇರುವುದಿಲ್ಲ. ನೂರಕ್ಕೆ ಹತ್ತು ಪಾಲು ಒಂದು ಪೂರ್ತಿ ಮಳೆಗಾಲ ಕಳೆಯುವವರೆಗೆ ಸಂಘದ ಖಾತೆಯಲ್ಲೇ ಇರಲಿ. ಆ ಮಳೆಗಾಲದಲ್ಲಿ ಒಂದು ಜೋರು ಮಳೆ ನಿಂತ ಅರ್ಧ ಗಂಟೆಗೆ ನಾಲ್ಕು ಜನ ಛತ್ರಿ, ಸುಣ್ಣದ ಡಬ್ಬಿ ಹಿಡಿದು ರಸ್ತೆಯ ಒಂದು ತುದಿಯಿಂದ ಇನ್ನೊಂದಕ್ಕೆ ನಡೆಯಿರಿ. ನೀರು ಇನ್ನೂ ನಿಂತಿರುವ ಕಡೆಯಲ್ಲೆಲ್ಲ ಸುತ್ತ ಗೀಟು ಎಳೆದು, ಫೋಟೋ ತೆಗೆದು ಕಂಟ್ರಾಕ್ಟರಿಗೆ ಕಳಿಸಿ. ಆ ಗೀಟುಗಳೊಳಗಿನ ಕೆಲಸ ಸರಿಯಾದ ಮೇಲೆ ಉಳಿದ ಹತ್ತು ಪಾಲಿನ ಚೆಕ್ಕಿಗೆ ಸಹಿ ಹಾಕಿ.